ಹಿಂದಿನ ಟೈರ್ ಮೊದಲು ಹುಡುಕಿ

ಮುಂಬೈಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಬರವಿಲ್ಲ. ಹದಿನೈದು ವರ್ಷ ಓಡಿದ ಮರ್ಸಿಡಿಸ್ ಎಸ್‌ಎಲ್‌ಕೆ, ಬಿಎಂಡಬ್ಲ್ಯೂ ಝಡ್4, ಪೋರ್ಷೆ ಬಾಕ್ಸ್‌ಸ್ಟರ್ ಕೈಗೆಟುಕುವ ಬೆಲೆಗೆ ಇಳಿದಿವೆ. ನಮ್ಮೂರ ಕಡೆಯ ಹೋಟೆಲ್‌ನವರ ಮಕ್ಕಳು, ಪೊವಾಯಿಯ ಐಟಿ ಹುಡುಗರು ಆಸೆಪಟ್ಟು ತಗೊಳ್ಳುತ್ತಾರೆ. ಎಂಜಿನ್ ಸದ್ದು ಕೇಳಿರುತ್ತಾರೆ, ಟಾಪ್ ತೆರೆದು ಮುಚ್ಚಿ ನೋಡಿರುತ್ತಾರೆ, ಸರ್ವಿಸ್ ಬುಕ್ಕನ್ನೂ ತಿರುವಿರುತ್ತಾರೆ. ಟೈರ್ ವಿಷಯಕ್ಕೆ ಬಂದಾಗ ಮಾತ್ರ, "ಅಣ್ಣ, 17 ಇಂಚಿಂದು ನಾಲ್ಕು ಒಳ್ಳೆ ಟೈರ್ ಹಾಕಿಬಿಡಿ" ಅಂತ ಟೈರ್ ಹಾಕಿಕೊಡುವ ನನಗೆ ಫೋನು ಬರುತ್ತದೆ.

ಕಷ್ಟ ಏನಂದ್ರೆ, ಇಂಥ ಎಷ್ಟೋ ಕಾರುಗಳಿಗೆ ನಾಲ್ಕು ಒಂದೇ ಟೈರ್ ಅನ್ನೋದೇ ಇಲ್ಲ. ಮುಂದೊಂದು ಜೋಡಿ, ಹಿಂದೊಂದು ಜೋಡಿ. ಅಳತೆಯೂ ಬೇರೆ, ಸಿಗುವ ಜಾಗವೂ ಬೇರೆ, ಬೆಲೆಯೂ ಬೇರೆ.

ಆರ್171 ಮಾದರಿಯ ಎಸ್‌ಎಲ್‌ಕೆ 350 ತಗೊಳ್ಳಿ. ಕಂಪನಿಯ 17 ಇಂಚಿನ ವೀಲಿಗೆ ಮುಂದೆ 225/45 ಆರ್17, ಹಿಂದೆ 245/40 ಆರ್17. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಗೋಡೆಯ (ಟೈರಿನ ಪಕ್ಕದ ಮೈಯ) ಎತ್ತರ ಅನ್ನುವುದು, ಕೊನೆಯದು ರಿಮ್ಮಿನ ಇಂಚು. ಮುಂದಿನ ಅಳತೆ ಆಡಿ ಎ3ಯಂಥ ಸೆಡಾನ್‌ಗಳಿಗೂ ಬರುತ್ತದೆ, ಹಾಗಾಗಿ ಯಾವ ದೊಡ್ಡ ಅಂಗಡಿಯಲ್ಲೂ ಸಿಗುತ್ತದೆ. 245/40 ಕೇಳಿದರೆ ಅದೇ ಅಂಗಡಿಯವನು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸುತ್ತಾನೆ. ಜನ ಸುಲಭಕ್ಕೆ ಸಿಕ್ಕಿದ್ದನ್ನು ಮೊದಲು ತಗೊಂಡುಬಿಡುತ್ತಾರೆ. ಆಫರ್ ಇತ್ತು ಅಂತ ಮುಂದಿನ ಜೋಡಿ ಮನೆಗೆ ಬರುತ್ತದೆ. ಆಮೇಲೆ ಅದೇ ಕಂಪನಿಯ ಅದೇ ಮಾದರಿಯಲ್ಲಿ ಹಿಂದಿನದು ಸಿಗುವುದಿಲ್ಲ. ನಾನು ಹೇಳುವುದು ಉಲ್ಟಾ. ಅಪರೂಪದ ಅಳತೆ ಯಾವುದು ನೋಡಿ, ಅದನ್ನು ಮೊದಲು ಹುಡುಕಿ. ಅದು ಯಾವ ಬ್ರ್ಯಾಂಡಿನಲ್ಲಿ, ಯಾವ ಮಾದರಿಯಲ್ಲಿ ಸಿಗುತ್ತದೋ ಮುಂದಿನದನ್ನೂ ಅದರಲ್ಲೇ ತಗೊಳ್ಳಿ. ಬ್ರ್ಯಾಂಡ್ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಹಿಂದಿನ ಟೈರಿನ ಕೈಯಲ್ಲಿದೆ.

"ಹಿಂದಕ್ಕೂ 225/45 ಹಾಕಿದ್ರೆ ಏನಾಗತ್ತೆ? ರಿಮ್ಮಿಗೆ ಕೂರತ್ತಲ್ವಾ?" ಇದು ಮಾಮೂಲಿ ಪ್ರಶ್ನೆ. ಕೂರುತ್ತದೆ. 225/45ಕ್ಕೆ 7ರಿಂದ 8.5 ಇಂಚು ಅಗಲದ ರಿಮ್ ನಡೆಯುತ್ತದೆ, ಹಿಂದಿನ ರಿಮ್ 8.5 ಇಂಚಿನದು. ಅಂದರೆ ಕಟ್ಟಕಡೆಯ ಅಂಚಿನಲ್ಲಿ, ಎಳೆದು ಕೂರಿಸಿದ ಹಾಗೆ. ಆದರೆ ತೊಂದರೆ ಕೂರುವುದರಲ್ಲಿಲ್ಲ. ಹಿಂದಿನ ಚಕ್ರ ಓಡಿಸುವ ಕಾರಿಗೆ ಕಂಪನಿಯವರು ಹಿಂದೆ ಅಗಲದ ಟೈರ್ ಕೊಡುವುದು ಚೆಂದಕ್ಕಲ್ಲ. ತಿರುವಿನಲ್ಲಿ ಹಿಡಿತ ಹೋಗುವುದಾದರೆ ಮುಂದಿನದು ಮೊದಲು ಹೋಗಲಿ, ಹಿಂದಿನದು ಕೊನೆಗೆ ಹೋಗಲಿ ಅಂತ. ಮುಂದಿನದು ಜಾರಿದರೆ ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಕಾರು ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಜುಲೈ ಮಳೆಯಲ್ಲಿ ಖಂಡಾಲ ಘಾಟ್ ಇಳಿಯುವಾಗ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಇದೇ ಕಾರಣಕ್ಕೆ, ಒಂದೇ ಜೋಡಿಗೆ ದುಡ್ಡಿದ್ದರೆ ಹೊಸದು ಹಿಂದಕ್ಕೇ ಹೋಗಬೇಕು.

ಇಷ್ಟಕ್ಕೂ, ಈಗ ಕಾರಿನಲ್ಲಿರುವ ಟೈರಿನ ಮೇಲೆ ಬರೆದ ಅಳತೆಯನ್ನು ನಾನು ನಂಬುವುದಿಲ್ಲ. ಹಳೆಯ ಮಾಲೀಕ ಸಿಕ್ಕಿದ್ದನ್ನು ಹಾಕಿಸಿರಬಹುದು. ವೀಲನ್ನೇ ಬದಲಿಸಿರಬಹುದು. ವೀಲ್ ಬಿಚ್ಚಿ, ತಿರುಗಿಸಿ, ಒಳಮೈಯ ಬ್ರೇಕ್ ಧೂಳು ಒರೆಸಿ. ಅರ (ಸ್ಪೋಕ್) ಸೇರುವ ಜಾಗದಲ್ಲಿ ಅಥವಾ ನಡುವಿನ ತೂತಿನ ಸುತ್ತ ಉಬ್ಬಕ್ಷರ ಇರುತ್ತದೆ. ಉದಾಹರಣೆಗೆ, ಮೊದಲ ತಲೆಮಾರಿನ (986) ಬಾಕ್ಸ್‌ಸ್ಟರ್ ಎಸ್‌ನ 17 ಇಂಚಿನ ವೀಲಿನಲ್ಲಿ ಮುಂದೆ 7ಜೆ, ಇಟಿ55 ಅಂತ, ಹಿಂದೆ 8.5ಜೆ, ಇಟಿ50 ಅಂತ ಕಾಣುತ್ತದೆ. ಜೆ ಪಕ್ಕದ ಅಂಕಿ ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಹಬ್‌ಗೆ (ಕಾರಿನಲ್ಲಿ ವೀಲ್ ಬೋಲ್ಟ್ ಆಗುವ ಭಾಗಕ್ಕೆ) ಕೂರುವ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವುದು. ಆ ಅಂಕಿಗಳ ಪಕ್ಕದಲ್ಲಿ ಕಾರು ಕಂಪನಿಯ ಪಾರ್ಟ್ ನಂಬರೂ ಇದ್ದರೆ ಅದು ಕಂಪನಿ ವೀಲ್ ಅಂತ ಹೇಳಬಹುದು. ಡಿಸೈನ್ ಒಂದೇ ಇದ್ದು ನಂಬರ್ ಇಲ್ಲದಿದ್ದರೆ ನಕಲಿ ಇರಬಹುದು, ಹುಷಾರು.

ಅದೇ ಬಾಕ್ಸ್‌ಸ್ಟರ್‌ನ ಟೈರ್ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಮುಂದೆ 205/50 ಆರ್17. 205 ಮಿಲಿಮೀಟರ್ ಅಗಲ, ಅದರ ಶೇ 50 ಗೋಡೆಯ ಎತ್ತರ, ಅಂದರೆ 102.5. ಮೇಲೂ ಕೆಳಗೂ ಸೇರಿ 205. 17 ಇಂಚಿನ ರಿಮ್ 431.8. ಒಟ್ಟು ಎತ್ತರ 636.8 ಮಿಲಿಮೀಟರ್. ಹಿಂದೆ 255/40 ಆರ್17. ಗೋಡೆ 102, ಎರಡು ಸೇರಿ 204, ರಿಮ್ ಕೂಡಿಸಿದರೆ 635.8. ಅಗಲದಲ್ಲಿ 50 ಮಿಲಿಮೀಟರ್ ವ್ಯತ್ಯಾಸ, ಎತ್ತರದಲ್ಲಿ ಒಂದೇ ಒಂದು. ಇದು ಆಕಸ್ಮಿಕ ಅಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಹಿಡಿತವಿಲ್ಲದೆ ತಿರುಗದಂತೆ ತಡೆಯುವುದು) ಎರಡೂ ಮುಂದಿನ ಹಿಂದಿನ ಚಕ್ರ ತಿರುಗುವ ವೇಗವನ್ನು ಹೋಲಿಸಿ ನೋಡುತ್ತಾ ಕೂತಿರುತ್ತವೆ. 205/50 ಸಿಗಲಿಲ್ಲ ಅಂತ ಯಾರೋ 215/50 ಹಾಕಿದರೆ ಮುಂದಿನ ಚಕ್ರ 10 ಮಿಲಿಮೀಟರ್ ದೊಡ್ಡದಾಗುತ್ತದೆ. 225/45 ಹಾಕಿದರೆ 634.3, ಹಳೆಯದಕ್ಕಿಂತ 2.5 ಮಾತ್ರ ಕಮ್ಮಿ, 7 ಇಂಚಿನ ರಿಮ್ಮಿಗೂ ನಡೆಯುತ್ತದೆ. ಬದಲಿ ಅಳತೆ ಹುಡುಕಲೇಬೇಕಾದರೆ ಮೊದಲು ಈ ಲೆಕ್ಕ ಮಾಡಿ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಲ್ಲೂ ತಾಗಲ್ಲ ಅಂತ ನೋಡಿ. ಅಷ್ಟಾದರೂ ಮುಂದೆ ಹಿಡಿತ ಜಾಸ್ತಿಯಾದ್ದರಿಂದ ಕಾರಿನ ಸ್ವಭಾವ ಸ್ವಲ್ಪ ಬದಲಾಗುತ್ತದೆ ಅನ್ನುವುದು ನೆನಪಿರಲಿ.

ಅಳತೆಯ ಪಕ್ಕದಲ್ಲಿ 91ಡಬ್ಲ್ಯೂ ಅಂತ ಇರುತ್ತದಲ್ಲ, ಅದನ್ನು ಯಾರೂ ನೋಡುವುದಿಲ್ಲ. 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ ಅಂತ. ಡಬ್ಲ್ಯೂ ಅಂದರೆ ಗಂಟೆಗೆ 270 ಕಿಲೋಮೀಟರ್, ವೈ ಅಂದರೆ 300, ವಿ ಅಂದರೆ 240, ಎಚ್ ಅಂದರೆ 210. "ಎಕ್ಸ್‌ಪ್ರೆಸ್‌ವೇನಲ್ಲಿ ಲಿಮಿಟ್ಟೇ 100, ಸುಮ್ನೆ 270ರದ್ದು ಯಾಕೆ?" ಅಂತ ವಾದ ಮಾಡುವವರಿದ್ದಾರೆ. ಆ ಅಕ್ಷರ ಬರೀ ವೇಗದ ಲೆಕ್ಕ ಅಲ್ಲ. ಬಿಸಿ ತಡೆಯುವ ಶಕ್ತಿ, ಒಳಗಿನ ಕಟ್ಟಡದ ಗಟ್ಟಿತನ ಎಲ್ಲ ಅದರ ಹಿಂದಿದೆ. ಮೇ ತಿಂಗಳ ಬಿಸಿಲಲ್ಲಿ, ಗಾಳಿ ಸ್ವಲ್ಪ ಕಮ್ಮಿ ಇದ್ದು, ಎರಡು ಗಂಟೆ ಬಿಡದೆ ಓಡಿಸಿದಾಗ ಅದರ ಬೆಲೆ ಗೊತ್ತಾಗುತ್ತದೆ. ಲೋಡ್ ಅಂಕಿ, ಸ್ಪೀಡ್ ಅಕ್ಷರ ಎರಡೂ ಕಂಪನಿ ಕೊಟ್ಟಿದ್ದಕ್ಕಿಂತ ಮೇಲಿದ್ದರೆ ಪರವಾಗಿಲ್ಲ, ಕೆಳಗೆ ಬೇಡ.

ಇನ್ನು ಗೋಡೆಯ ಮೇಲಿನ ಸಣ್ಣ ಗುರುತುಗಳು. ಪೋರ್ಷೆಗೆ ಎನ್0, ಎನ್1 ಹೀಗೆ. ಬಿಎಂಡಬ್ಲ್ಯೂಗೆ ನಕ್ಷತ್ರ. ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಕಾರು ಕಂಪನಿ ಟೈರ್ ಕಂಪನಿಯ ಜೊತೆ ಕೂತು ಆ ಕಾರಿಗೆಂದೇ ತಿದ್ದಿಸಿದ ಟೈರ್ ಅದು. ಹೆಸರು ಒಂದೇ ಇದ್ದರೂ ಒಳಗಿನ ರಬ್ಬರ್, ಪದರ ಬೇರೆ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಎಸ್‌ಎಲ್‌ಕೆಗೆ ಎಂಒ ಗುರುತೇ ಬೇಕು ಅಂತ ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಪೋರ್ಷೆ ಆದರೆ ಕಾಯಿರಿ. ಒಂದೇ ಕಾರಿನಲ್ಲಿ ಮುಂದೆ ಎನ್0, ಹಿಂದೆ ಗುರುತಿಲ್ಲದ್ದು ಅಂತ ಬೆರೆಸುವುದಂತೂ ಬೇಡವೇ ಬೇಡ.

ಕಾಯುವುದು ಅಂದೆ. ಈ ಕಾಯುವಿಕೆಗೆ ಒಂದು ಹಿನ್ನೆಲೆ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಕಾರ್ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಲ್ಲಿವರೆಗೆ ಡೀಲರ್ ಆರ್ಡರ್ ಕೊಟ್ಟರೆ ಕಂಟೇನರ್ ಬರುತ್ತಿತ್ತು, ಆಮೇಲೆ ಲೈಸೆನ್ಸ್ ಬೇಕಾಯಿತು. ಅದರ ಜೊತೆಗೆ ಐಎಸ್‌ಐ ಗುರುತೂ ಬೇಕು, ಕಾರ್ ಟೈರಿಗೆ ಅದು ಐಎಸ್ 15633. ಹೆಚ್ಚು ಮಾರಾಟವಾಗುವ ಅಳತೆಗಳನ್ನು ಇಲ್ಲೇ ತಯಾರಿಸುತ್ತಾರೆ. ಬ್ರಿಜ್‌ಸ್ಟೋನ್‌ಗೆ ಪುಣೆ ಬಳಿಯ ಚಾಕಣ್‌ನಲ್ಲೇ ಕಾರ್ಖಾನೆ ಇದೆ. ಆದರೆ ವರ್ಷಕ್ಕೆ ಒಂದಿಷ್ಟೇ ಹೋಗುವ 255/40 ಆರ್17ಕ್ಕೆ ಯಾರು ಅಚ್ಚು ಕೂರಿಸುತ್ತಾರೆ ಹೇಳಿ? ಹಾಗಾಗಿ ಅಂಥವು ಲಾಟ್ ಲೆಕ್ಕದಲ್ಲಿ ಬರುತ್ತವೆ, ಬಂದ ಕೂಡಲೇ ಖಾಲಿ. ಎರಡು ಮೂರು ಡೀಲರ್‌ಗಳಲ್ಲಿ ಹೆಸರು ಬರೆಸಿಡಿ. ಬ್ರ್ಯಾಂಡ್ ಹೆಸರು ಹೇಳಬೇಡಿ, ಅಳತೆ, ಲೋಡ್, ಸ್ಪೀಡ್ ಹೇಳಿ. ಮುಂಬೈಯಲ್ಲಿ ಇಲ್ಲದ್ದು ಎಷ್ಟೋ ಸಲ ದೆಹಲಿ ಅಥವಾ ಬೆಂಗಳೂರಿನ ಗೋಡೌನ್‌ನಲ್ಲಿ ಇರುತ್ತದೆ.

ಹಾಗೆ ದೂರದಿಂದ ತರಿಸುವಾಗ ತಾರೀಕಿನ ಫೋಟೋ ಕೇಳದೆ ದುಡ್ಡು ಕಳಿಸಬೇಡಿ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಮಾವಿನಹಣ್ಣನ್ನು ಒಂದೊಂದಾಗಿ ಮೂಸಿ ಆರಿಸುವವರು ಟೈರಿನ ವಯಸ್ಸನ್ನು ಮಾತ್ರ ಕೇಳುವುದಿಲ್ಲ. ಗೋಡೆಯ ಮೇಲೆ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3523 ಅಂದರೆ 2023ರ 35ನೇ ವಾರ. ಈ ನಾಲ್ಕು ಅಂಕಿ ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ. ಕಾರಿನ ಮೇಲಿರುವ ಟೈರಿನಲ್ಲಿ ಕಾಣಲಿಲ್ಲ ಅಂದರೆ ಒಳಬದಿಗೆ ಹೋಗಿದೆ ಅಂತ, ಟಾರ್ಚ್ ಹಿಡಿದು ಬಗ್ಗಬೇಕು. ಅಪರೂಪದ ಅಳತೆ ಗೋಡೌನ್‌ನಲ್ಲಿ ಕೂತೇ ಮುದಿಯಾಗುತ್ತದೆ. ಎರಡು ವರ್ಷದ ಒಳಗಿನದಾದರೆ ಕಣ್ಣುಮುಚ್ಚಿ ತಗೊಳ್ಳಿ. ಅದಕ್ಕಿಂತ ಹಳೆಯದಾದರೆ ಬೆಲೆ ಇಳಿಸಿ ಕೇಳಿ. ನಾಲ್ಕು ದಾಟಿದ್ದನ್ನು ನಾನು ಹಾಕಿಕೊಡುವುದಿಲ್ಲ. ಅದು ನನ್ನ ನಿಯಮ, ಕಾನೂನಲ್ಲ.

ಈಗಿರುವ ಟೈರಿಗೂ ಇದೇ ಮಾತು. ಭಾನುವಾರ ಮಾತ್ರ ಹೊರಡುವ ಕಾರಿನಲ್ಲಿ ಟ್ರೆಡ್ (ರಸ್ತೆಗೆ ತಾಗುವ, ಕಾಲುವೆಗಳಿರುವ ಮೈ) ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಟ್ರೆಡ್ ಇದ್ದರೆ ಸಾಕು. ಆದರೆ 6 ಮಿಲಿಮೀಟರ್ ಇದ್ದೂ ಬಿರುಕು ಬಿಟ್ಟ ಟೈರುಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ ಒತ್ತಿದ ಹಾಗೆ. ಐದು ವರ್ಷದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ತೆಗೆಯಿರಿ ಅನ್ನುತ್ತದೆ ಮಿಷಲಿನ್. ಸ್ಪೋರ್ಟ್ಸ್ ಕಾರಿಗೆ ನಾನು ಹತ್ತರವರೆಗೆ ಹೋಗುವುದಿಲ್ಲ.

ಕುರ್ಲಾದ ಸೆಕೆಂಡ್ ಹ್ಯಾಂಡ್ ಟೈರ್? ಅಗ್ಗಕ್ಕೆ ಸಿಗುತ್ತವೆ, ಅಪರೂಪದ ಅಳತೆಯೂ ಸಿಗುತ್ತದೆ, ನಿಜ. ಹೊರಗಿನ ಮಿಂಚು ನೋಡಬೇಡಿ, ಅದು ಪಾಲಿಶ್. ಕೈ ಒಳಗೆ ಹಾಕಿ ಗೋಡೆಯ ಒಳಮೈ ಸವರಿ. ಸುತ್ತಲೂ ಬಳೆಯ ಹಾಗೆ ಒಂದು ಸವೆದ ಗೆರೆ ಸಿಕ್ಕಿದರೆ, ಬೆರಳಿಗೆ ಕಪ್ಪು ಪುಡಿ ಅಂಟಿದರೆ, ಅದು ಗಾಳಿಯಿಲ್ಲದೆ ಓಡಿದ ಟೈರ್. ವಾಪಸ್ ಇಟ್ಟು ಬನ್ನಿ.

ರಬ್ಬರ್ ಆಯ್ಕೆಯಲ್ಲಿ ಮುಂಬೈಯವರಿಗೆ ಮಳೆಯೇ ಯಜಮಾನ. ಟ್ರ್ಯಾಕ್‌ಗೆಂದು ಮಾಡಿದ ಟೈರಿನಲ್ಲಿ ನೀರು ಹೊರಹಾಕುವ ಕಾಲುವೆ ಕಮ್ಮಿ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ನಿಂತ ನೀರಿಗೆ ಅದು ತೇಲುತ್ತದೆ. ಉದ್ದಕ್ಕೂ ಅಗಲ ಕಾಲುವೆಗಳಿರುವ ರಸ್ತೆ ಬಳಕೆಯ ಪರ್ಫಾರ್ಮೆನ್ಸ್ ಟೈರ್ ಸಾಕು. ಗೋಡೆಯ ಮೇಲೆ ಟ್ರೆಡ್‌ವೇರ್ (ಎಷ್ಟು ಬಾಳುತ್ತದೆ ಅನ್ನುವ) ಅಂಕಿ ಇದ್ದರೆ 300ರ ಆಸುಪಾಸು ಹಿಡಿತಕ್ಕೂ ಬಾಳಿಕೆಗೂ ಸರಿಹೋಗುತ್ತದೆ. ಅಂಕಿ ಕಮ್ಮಿಯಾದಷ್ಟೂ ಸಾಮಾನ್ಯವಾಗಿ ಅಂಟು ಜಾಸ್ತಿ, ಆಯುಸ್ಸು ಕಮ್ಮಿ.

ಝಡ್4ನವರು ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆದು ಮಾಮೂಲಿ ಟೈರ್ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ನಾಲ್ಕೂ ಒಟ್ಟಿಗೆ. ಕುಲುಕಾಟ ಕಮ್ಮಿಯಾಗುತ್ತದೆ. ಆದರೆ ಆ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಪಂಕ್ಚರ್ ಕಿಟ್, ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿರಲಿ. ಗುಂಡಿಗೆ ಬಿದ್ದು ಗೋಡೆ ಹರಿದರೆ ಕಿಟ್ ಕೆಲಸಕ್ಕೆ ಬರುವುದಿಲ್ಲ, ಟೋ ವ್ಯಾನೇ ಗತಿ.

ಟೈರ್ ಬಿಚ್ಚಿದಾಗ ಖಾಲಿ ರಿಮ್ಮನ್ನು ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ತೋರಿಸಿ ಅಂತ ಕೇಳಿ. ಮುಂಬೈ ಗುಂಡಿಗಳು ಒಳ ಅಂಚನ್ನೇ ಬಗ್ಗಿಸುವುದು ಹೆಚ್ಚು, ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ವಲ್ಪ ಬಾಗಿದ್ದರೆ ನೇರ ಮಾಡಿಸಬಹುದು. ಬಿರುಕಿಗೆ ವೆಲ್ಡಿಂಗ್ ಹೊಡೆಸಿದ ರಿಮ್ಮಿಗೆ ನಾನಂತೂ ಹೊಸ ಟೈರ್ ಏರಿಸುವುದಿಲ್ಲ. ಟೈರ್ ಏರಿಸುವಾಗ 'ಔಟ್‌ಸೈಡ್' ಅಂತ ಬರೆದ ಬದಿ ಹೊರಗೇ ಬರಬೇಕು, ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೆ. ಬೋಲ್ಟ್‌ಗಳನ್ನು ಗನ್ನಿನಲ್ಲಿ ಹೊಡೆದು ಬಿಡಲು ಬಿಡಬೇಡಿ, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆದು ತಿರುಗಿಸುವ ಪಾನಾದಲ್ಲೇ) ಆಗಲಿ. ಗಾಳಿ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಅನ್ನುವುದು ಪೆಟ್ರೋಲ್ ಮುಚ್ಚಳದ ಒಳಗೆ ಅಥವಾ ಡ್ರೈವರ್ ಬಾಗಿಲ ಬದಿಯ ಸ್ಟಿಕ್ಕರ್‌ನಲ್ಲಿರುತ್ತದೆ. ಎರಡೂ ಬೇರೆ ಬೇರೆ ಇರಬಹುದು, ನಾಲ್ಕಕ್ಕೂ ಒಂದೇ ಅಂತ ತುಂಬಿಸಬೇಡಿ. ಹೊಸ ಟೈರಿನ ಮೇಲ್ಮೈ ಮೊದಮೊದಲು ಸ್ವಲ್ಪ ಜಾರುತ್ತದೆ, ಮೊದಲ ಇನ್ನೂರು ಕಿಲೋಮೀಟರ್ ನಿಧಾನ. 50–100 ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್ ಬಿಗಿತ ಇನ್ನೊಮ್ಮೆ ನೋಡಿಸಿ. ಟೈರ್ ಹಾಕಿದ ಅಂಗಡಿಯವರು ಇದಕ್ಕೆ ದುಡ್ಡು ಕೇಳಬಾರದು.