ಗಾಳಿಮರೆ ಯಾವ ದಿಕ್ಕು?

ಮಳೆಗಾಲ ಹಿಡಿಯುವ ಮುಂಚೆ ನಮ್ಮ ತೀರ್ಥಹಳ್ಳಿ ಕಡೆಯ ಹಳೆ ಮನೆಗಳಲ್ಲಿ ಒಂದು ಕೆಲಸ ಆಗಲೇಬೇಕು. ಒಣಗಿದ ಅಡಿಕೆ ಸೋಗೆ ಹೆಣೆದು, ಮಳೆ ಬಡಿಯದಂತೆ ಪಡುವಣ ಗೋಡೆಗೆ ಜಡಿ, ಅಂದರೆ ಮರೆ, ಕಟ್ಟುತ್ತಾರೆ. ಈಗೀಗ ನೀಲಿ ಟಾರ್ಪಾಲು ಬಂದಿದೆ, ಅದು ಬೇರೆ ಮಾತು. ಮೂಡಣ ಗೋಡೆಗೆ ಯಾರೂ ಕಟ್ಟುವುದಿಲ್ಲ. ಅಲ್ಲಿ ಸೂರಿನಡಿ ಬಚ್ಚಲ ಒಲೆಯ ಸೌದೆ ಒಟ್ಟಿರುತ್ತದೆ. ಆರಿದ್ರ, ಪುನರ್ವಸು ಮಳೆ ಹಗಲುರಾತ್ರಿ ಬಾರಿಸಿ ಪಡುವಣ ಗೋಡೆ ಪಾಚಿಗಟ್ಟಿದರೂ ಸೌದೆ ಬೆಚ್ಚಗೆ ಕೂತಿರುತ್ತದೆ.

ರಜೆಗೆ ಬಂದಿದ್ದ ತಮ್ಮನ ಮಗಳು ಭೂಗೋಳದ ಪುಸ್ತಕ ಹಿಡಿದು, ‘ದೊಡ್ಡಪ್ಪಾ, ವಿಂಡ್‌ವರ್ಡ್ ಅಂದ್ರೆ ವೆಸ್ಟು, ಲೀವರ್ಡ್ ಅಂದ್ರೆ ಈಸ್ಟು, ಅಲ್ವಾ?’ ಎಂದಳು. ಪಶ್ಚಿಮ ಘಟ್ಟದ ಚಿತ್ರ ನೋಡಿಕೊಂಡೇ ಕಲಿತ ಮಕ್ಕಳು ಹಾಗೆ ತಿಳಿದರೆ ತಪ್ಪೇನೂ ಅಲ್ಲ. ಆದರೆ ಆ ಎರಡು ಪದಗಳಿಗೂ ದಿಕ್ಸೂಚಿಗೂ ಸಂಬಂಧವೇ ಇಲ್ಲ.

ನಮ್ಮ ಮೂಡಣ ಪಡುವಣಗಳು ಸೂರ್ಯನನ್ನು ನೆಚ್ಚಿದ ಪದಗಳು. ಮೂಡುವ ಕಡೆ ಮೂಡಣ, ಸೂರ್ಯ ಪಡುವ ಕಡೆ, ಅಂದರೆ ಮುಳುಗುವ ಕಡೆ, ಪಡುವಣ. ಇಂಗ್ಲಿಷಿನ ಆ ಜೋಡಿ ಹಡಗಿನವರದ್ದು, ಗಾಳಿಯನ್ನು ನೆಚ್ಚಿದ್ದು. ‘ವರ್ಡ್’ ಅಂದರೆ ಕಡೆಗೆ. ಗಾಳಿ ಬರುವ ಕಡೆ ವಿಂಡ್‌ವರ್ಡ್, ಗಾಳಿ ಹೋಗುವ ಕಡೆ ಲೀವರ್ಡ್. ‘ಲೀ’ ಎನ್ನುವುದು ಹಳೆಯ ಇಂಗ್ಲಿಷಿನಲ್ಲಿ ಆಸರೆ, ಮರೆ ಎಂಬ ಅರ್ಥದ ಪದ. ನಾವು ಗಾಳಿಮರೆ ಅಂದರೆ ಸರಿಹೋಗುತ್ತದೆ. ಹಳೆಯ ನಾವಿಕರು ಅದನ್ನು ಲೀವರ್ಡ್ ಅನ್ನದೆ ‘ಲೂವರ್ಡ್’ ಅನ್ನುತ್ತಾರೆ. ಅವರೆದುರು ಪುಸ್ತಕದ ಉಚ್ಚಾರ ಮಾಡಿದರೆ ನೀವು ನೆಲದವರು ಎಂದು ಗೊತ್ತಾಗಿಬಿಡುತ್ತದೆ.

ಇಲ್ಲೇ ಇನ್ನೊಂದು ಎಡವಟ್ಟು. ‘ವೆಸ್ಟರ್ಲಿ’ ಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ. ‘ವೆಸ್ಟ್‌ವರ್ಡ್’ ಎಂದರೆ ಪಡುವಣಕ್ಕೆ ಹೋಗುವುದು. ಪದಗಳ ಬುಡ ಒಂದೇ, ಪಯಣ ತಿರುವುಮುರುವು. ಕನ್ನಡದಲ್ಲಿ ಪಡುವಣ ಗಾಳಿ, ನೈರುತ್ಯ ಮಾರುತ ಅಂದಾಗಲೂ ಬಂದ ಕಡೆಯ ಹೆಸರನ್ನೇ ಇಡುತ್ತೇವೆ. ಗಾಳಿ ಯಾವ ಊರಿಗೆ ಹೋಗುತ್ತದೋ ನಮಗೇಕೆ, ಯಾವ ಗೋಡೆಗೆ ಬಡಿಯುತ್ತದೆ ಎನ್ನುವುದು ಮುಖ್ಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಹಸಿಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ: 100 ಮೀಟರಿಗೆ ಹತ್ತಿರಹತ್ತಿರ 1 ಡಿಗ್ರಿ ಸೆಲ್ಸಿಯಸ್. ತಣ್ಣನೆಯ ಗಾಳಿಗೆ ಅಷ್ಟು ನೀರಾವಿ ಹೊರಲು ಆಗದು, ಮೋಡ ಕಟ್ಟುತ್ತದೆ. ಮೋಡ ಕಟ್ಟುವಾಗ ಆವಿಯೊಳಗೆ ಅಡಗಿದ್ದ ಶಾಖ ಹೊರಬಂದು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಘಟ್ಟದ ಅಂಚಿನಲ್ಲೇ ಕೂತಿರುವ ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವುದು ಹೀಗೆ. ಅಲ್ಲಿಂದ ಬಸ್ಸಿನಲ್ಲಿ ಮೂರು ತಾಸೂ ಬೇಡ, ಶಿವಮೊಗ್ಗ ಪೇಟೆಗೆ ಬಂದರೆ 1000 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಹೊರಟವರು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗಿಳಿದು ಪೆಚ್ಚಾಗುವುದುಂಟು.

ಪುಸ್ತಕದ ಚಿತ್ರದಲ್ಲಿ ಬೆಟ್ಟದ ಆಚೆಬದಿ ಈಚೆಬದಿಯಷ್ಟೇ ಕಡಿದಾಗಿ ಇಳಿಯುತ್ತದೆ. ಇಳಿದ ಗಾಳಿ ಬಿಸಿಯಾಗಿ ಒಣಗುತ್ತದೆ ಎಂದು ಬಾಣದ ಗುರುತು ಬೇರೆ. ನಮ್ಮಲ್ಲಿ ಹಾಗಿಲ್ಲ. ಆಗುಂಬೆ ಸುಮಾರು 650 ಮೀಟರ್ ಎತ್ತರ, ಶಿವಮೊಗ್ಗ 570. ಗಾಳಿಗೆ ಹೆಚ್ಚು ಇಳಿಯಲು ಜಾಗವೇ ಇಲ್ಲ. ಇಲ್ಲಿ ಮಳೆ ಕಡಿಮೆಯಾಗುವುದಕ್ಕೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ, ಮೇಲಕ್ಕೆತ್ತುವ ಗೋಡೆ ಮುಗಿದಿರುವುದು ಮತ್ತು ನೀರು ಬಹುಪಾಲು ಹಿಂದೆಯೇ ಖರ್ಚಾಗಿರುವುದು.

ಈಗ ಘಟ್ಟ ಇಳಿದು ಮಲ್ಪೆಗೆ ಬನ್ನಿ. ಜುಲೈನಲ್ಲಿ ಆ ಕರಾವಳಿ ಘಟ್ಟದ ಲೆಕ್ಕದಲ್ಲಿ ವಿಂಡ್‌ವರ್ಡ್. ಸಮುದ್ರದಲ್ಲಿರುವ ಹಡಗಿನವನಿಗೆ ಅದೇ ದಡ ‘ಲೀ ಶೋರ್’, ಯಾಕೆಂದರೆ ಅವನಿಗೆ ಗಾಳಿ ಹೋಗುವ ಕಡೆ ಇರುವುದು ಅದು. ಹೆಸರಿನಲ್ಲಿ ಆಸರೆ ಇದೆ, ನಿಜದಲ್ಲಿ ಹಾಯಿ ಹಡಗಿಗೆ ಅದಕ್ಕಿಂತ ಅಪಾಯದ ಜಾಗವಿಲ್ಲ. ಗಾಳಿ ನೇರ ತಳ್ಳಿ ಬಂಡೆಗೆ ಅಪ್ಪಳಿಸುತ್ತದೆ. ಒಂದೇ ದಡ, ನಿಂತವನ ಕಾಲಡಿ ಬದಲಾದರೆ ಹೆಸರು ಬದಲು.

ಹೆಸರು ಊರಿಗೇ ಅಂಟಿಕೊಂಡರೆ ಇನ್ನೊಂದು ತಮಾಷೆ. ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಅಲ್ಲಿ ಸದಾ ಬೀಸುವ ಮೂಡಣದ ವಾಣಿಜ್ಯ ಮಾರುತ ನೋಡಿ ಲೀವರ್ಡ್, ವಿಂಡ್‌ವರ್ಡ್ ಎಂದು ಹೆಸರಿಟ್ಟರು. ಬ್ರಿಟಿಷರು 1940ರಲ್ಲಿ ಡೊಮಿನಿಕಾವನ್ನು ಲೀವರ್ಡ್ ಗುಂಪಿನಿಂದ ವಿಂಡ್‌ವರ್ಡ್ ಗುಂಪಿಗೆ ಸೇರಿಸಿದರು. ದ್ವೀಪವೂ ಕದಲಲಿಲ್ಲ, ಗಾಳಿಯೂ ತಿರುಗಲಿಲ್ಲ, ಫೈಲು ಮಾತ್ರ ಹೋಯಿತು.

ಇಷ್ಟೆಲ್ಲ ಹೇಳಿದ ನಾನು ಅದೇ ವರ್ಷ ಅಕ್ಟೋಬರಿನಲ್ಲಿ ಬೇಸ್ತು ಬಿದ್ದೆ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಒಂದು ಸಂಜೆ ಮೂಡಲಲ್ಲಿ ಕಪ್ಪಾಗಿ, ಗುಡುಗಿ, ಅರ್ಧ ತಾಸು ಹೊಡೆದ ಮಳೆ ನಾಲ್ಕು ತಿಂಗಳು ಕಾಪಾಡಿದ್ದ ಸೌದೆಯನ್ನೆಲ್ಲ ತೊಯ್ಯಿಸಿತು. ಬೆಳಿಗ್ಗೆ ಬಚ್ಚಲ ಒಲೆ ಹೊಗೆಯಾಡುತ್ತಿದ್ದಾಗ ಅಮ್ಮ ಊದುಕೊಳವೆ ಕೆಳಗಿಟ್ಟು, ‘ಗಾಳಿ ಎತ್ಲಿಂದ ಅಂತ ನೋಡ್ಬಾರ್ದನಾ ಮಾರಾಯಾ?’ ಎಂದಳು. ಪಡುವಣ ಗೋಡೆಯ ಜಡಿ ಇನ್ನೂ ಬಿಚ್ಚಿರಲಿಲ್ಲ. ಮುಟ್ಟಿ ನೋಡಿದೆ, ಒಂದು ಹನಿಯೂ ತಾಗಿರಲಿಲ್ಲ.