ಘಾಟಿ ರಸ್ತೆಯಲ್ಲಿ ಡಿವಿಡಿಗೆ ಯಾಕೆ ತಲೆ ಸುತ್ತುತ್ತೆ

ಮಡಿಕೇರಿಯಿಂದ ಮಂಗಳೂರಿಗೆ ಬಸ್ಸಲ್ಲಿ ಹೊರಟಿದ್ದೆ, ಕೊಡಗಲ್ಲಿ ರೈಲಂತೂ ಇಲ್ಲ, ಘಾಟಿಯಲ್ಲಿ ನೆಟ್‌ವರ್ಕೂ ಕೈಕೊಡುತ್ತೆ, ಅದಕ್ಕೇ ಲ್ಯಾಪ್‌ಟಾಪಿಗೆ ಪಿಕ್ಚರ್ ಡಿವಿಡಿ ಹಾಕ್ಕೊಂಡು ಕೂತೆ. ಸಂಪಾಜೆ ಕಡೆ ಇಳಿಯೋಕೆ ಶುರುವಾಗಿದ್ದೇ ತಡ, ಹೀರೋ ಬಾಯಿ ತೆರೆದವ್ನು ತೆರೆದ ಹಾಗೇ ನಿಂತುಬಿಟ್ಟ. ಪಕ್ಕದ ಸೀಟಿನ ಅಜ್ಜ "ಅದಕ್ಕೂ ತಲೆ ಸುತ್ತು ಬಂತಾ ಮಗಾ?" ಅಂದ್ರು.

ಒಂಥರಾ ಹೌದು. ಡಿವಿಡಿಯಲ್ಲಿ ಡೇಟಾ ಒಂದೇ ಸುರುಳಿ ಗೆರೆಯಲ್ಲಿರುತ್ತೆ, ಒಳಗಿಂದ ಹೊರಗೆ, ಬಿಚ್ಚಿದ್ರೆ ಒಂದು ಪದರದ್ದೇ ಸುಮಾರು 12 ಕಿಲೋಮೀಟರ್. ಸುತ್ತಿಂದ ಸುತ್ತಿಗೆ ಅಂತರ 0.74 ಮೈಕ್ರೋಮೀಟರ್, ಅಂದ್ರೆ ಒಂದು ತಲೆಕೂದಲ ಅಗಲದಲ್ಲಿ ತೊಂಬತ್ತು ಸುತ್ತು ಹಿಡಿಸುತ್ತೆ. ಇದನ್ನ ಓದೋ ಕೆಂಪು ಲೇಸರಿನ ಪುಟ್ಟ ಲೆನ್ಸು ತೆಳು ತಂತಿಗಳಲ್ಲಿ ನೇತಾಡ್ತಾ ಇರುತ್ತೆ, ಕಾಯಿಲ್‌ಗಳು ಅದನ್ನ ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಅತ್ತ ಇತ್ತ ಎಳೆದು ಗೆರೆ ಮೇಲೇ ಇಟ್ಟಿರುತ್ತವೆ, ಹೊಂಡಕ್ಕೆ ಬಸ್ ಧಡಕ್ಕಂತ ಬಿದ್ರೆ ಹಿಡಿತ ತಪ್ಪುತ್ತೆ, ಮತ್ತೆ ಗೆರೆ ಹುಡುಕೋಷ್ಟರಲ್ಲಿ ಮುಂದಿನ ತಿರುವು!

ಮನೇಲಿ ಮೊದಲೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡ್ಕೊಂಡ್ರೆ ಡಿವಿಡಿ ಡ್ರೈವಿಗೆ ಪುರುಸೊತ್ತಿರುತ್ತೆ. ಗೀರಿದ ಜಾಗ ಸಿಕ್ಕಿದ್ರೆ ನಿಧಾನ ಮಾಡಿ ಇನ್ನೊಂದ್ಸಲ, ಮತ್ತೊಂದ್ಸಲ ಓದುತ್ತೆ. ಸಣ್ಣಪುಟ್ಟ ನಷ್ಟ ಆದ್ರೆ ಡಿಸ್ಕಲ್ಲೇ ಬರೆದಿರೋ ಹೆಚ್ಚುವರಿ ಅಂಕಿಗಳಿಂದ ಲೆಕ್ಕ ಹಾಕಿ ತುಂಬಿಸುತ್ತೆ, ಇದು ರೀಡ್-ಸಾಲೊಮನ್ ಅನ್ನೋ ಗಣಿತ. (ಡಿಸ್ಕ್ ಒರೆಸೋವಾಗ ನಡುವಿಂದ ಅಂಚಿಗೆ ನೇರ ಒರೆಸಿ. ಗೆರೆಯುದ್ದಕ್ಕೂ ಗೀರು ಬಿದ್ರೆ ಡೇಟಾ ಸಾಲಾಗಿ ಹೋಗುತ್ತೆ, ಆ ಗಣಿತಕ್ಕೂ ಆಗಲ್ಲ.)

ಹಾಗಂತ ಹಾರ್ಡ್ ಡಿಸ್ಕ್ ಗಟ್ಟಿಗ ಅಂದ್ಕೋಬೇಡಿ, ಅದರಲ್ಲಿ ಡೇಟಾ ಓದೋ ಹೆಡ್ಡು ತಿರುಗೋ ತಟ್ಟೆಯಿಂದ ಬರೀ ಕೆಲವು ನ್ಯಾನೋಮೀಟರ್ ಮೇಲೆ ತೇಲೋದು. ಆದ್ರೆ ಸಿನಿಮಾಕ್ಕೆ ಬೇಕಿರೋದಕ್ಕಿಂತ ಎಷ್ಟೋ ವೇಗವಾಗಿ ಓದಿ ಮೆಮೊರಿಗೆ ತುಂಬಿಸಿಡುತ್ತೆ, ಹಾಗಾಗಿ ಕುಲುಕಾಟ ನಮಗೆ ಗೊತ್ತೇ ಆಗಲ್ಲ. ಕೆಲವು ಲ್ಯಾಪ್‌ಟಾಪಲ್ಲಿ ಅಲುಗಾಟ ಕಂಡ ಕೂಡ್ಲೆ ಹೆಡ್ಡನ್ನ ಪಕ್ಕಕ್ಕೆ ಸರಿಸೋ ಸೆನ್ಸರ್ ಇರುತ್ತೆ, ಐಬಿಎಂ 2003ರಲ್ಲೇ ಥಿಂಕ್‌ಪ್ಯಾಡಿಗೆ ಹಾಕಿತ್ತು. ಚಿಪ್ಪಲ್ಲೇ ಡೇಟಾ ಇಡೋ ಎಸ್‌ಎಸ್‌ಡಿ ಆದ್ರೆ ತಿರುಗೋದೇ ಇಲ್ಲ, ಚಿಂತೆಯೂ ಇಲ್ಲ.

ಸೈಜು ಒಂದು ತಲೆನೋವು. ವಿಡಿಯೋ ಕುಗ್ಗಿಸೋಕೆ ಡಿವಿಡಿ ಬಳಸೋ ಹಳೇ ವಿಧಾನ ಎಂಪೆಗ್-2ರಲ್ಲಿ ಸೆಕೆಂಡಿಗೆ 5 ಮೆಗಾಬಿಟ್ ಅಂದ್ರೂ ಎರಡು ಗಂಟೆಗೆ 4.5 ಜಿಬಿ. ಅದಕ್ಕಿಂತ ಹೊಸ ವಿಧಾನ ಎಚ್.264ಗೆ ಬದಲಾಯಿಸಿದ್ರೆ ಅರ್ಧಕ್ಕಿಂತ ಕಮ್ಮಿಗೆ ಇಳಿಸಬಹುದು, ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣಲ್ಲ, ಆದ್ರೆ ಹಳೇ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಬಿಸಿ ಆಗ್ತಾ ಕೂರುತ್ತೆ, ಮಳೆಗಾಲದಲ್ಲಿ ಕರೆಂಟ್ ನೋಡ್ಕೊಂಡು ಶುರು ಮಾಡಿ. ಅಂಗಡಿ ಡಿಸ್ಕಿಗೆ ಕಾಪಿ ತಡೆಯೋ ಸಾಫ್ಟ್‌ವೇರ್ ಬೀಗ ಬೇರೆ ಇರುತ್ತೆ, 40 ಬಿಟ್ ಕೀಲಿ, 1999ರಲ್ಲೇ ಬಿಚ್ಚಿಟ್ರು. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಹಕ್ಕು ಕದಿಯೋ ಉದ್ದೇಶದಿಂದ ಬೀಗ ಮುರಿಯೋದು ಅಪರಾಧ, ಕಾಪಿ ಮಾಡಿ ಊರಿಗೆಲ್ಲಾ ಹಂಚೋಕೆ ಹೋಗ್ಬೇಡಿ.

ಬೀಗವೇ ಇಲ್ಲದ ಡಿಸ್ಕು ಅಂದ್ರೆ ನಮ್ಮ ಮದುವೆ ಡಿವಿಡಿ. ಮನೇಲಿ ಬರೆದ ಆ ಡಿಸ್ಕಲ್ಲಿ ಡೇಟಾ ಇರೋದು ಒಂದು ಬಣ್ಣದ ಪದರದಲ್ಲಿ, ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗಿಬರಲ್ಲ. ಜುಲೈಯಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯೋ ಊರು ನಮ್ದು. ಅಕ್ಕನ ಮದುವೆ ಡಿಸ್ಕಲ್ಲಿ ಓಲಗದ ಭಾಗ ಈಗ್ಲೇ ಓದ್ತಿಲ್ಲ, ಉಳಿದಿದ್ದನ್ನ ಹೋದ ವಾರ ಕಾಪಿ ಮಾಡಿಟ್ಟೆ.