ಚರ್ಚಿನಲ್ಲಿ ಡೈವೋರ್ಸ್ ಸಿಗುತ್ತದೆಯೇ?

ವಿರಾಜಪೇಟೆಯಾಗಲಿ ಸುಂಟಿಕೊಪ್ಪವಾಗಲಿ, ಕಥೋಲಿಕ ಕುಟುಂಬಗಳು ಗುರುಗಳ ಮುಂದಿಡುವ ಪ್ರಶ್ನೆ ಇದೇ. ಉತ್ತರ: ಸಿಗುವುದಿಲ್ಲ. 'ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದು' (ಮಾರ್ಕ 10:9) ಎಂಬುದನ್ನು ಧರ್ಮಸಭೆ ಅಕ್ಷರಶಃ ಪಾಲಿಸುತ್ತದೆ. ದೀಕ್ಷಾಸ್ನಾನ ಪಡೆದ ಇಬ್ಬರು ಕ್ರಮಬದ್ಧವಾಗಿ ಮದುವೆಯಾಗಿ ದಾಂಪತ್ಯ ನಡೆಸಿದ್ದರೆ ಆ ಬಂಧವನ್ನು ಪೋಪ್ ಕೂಡ ಬಿಡಿಸಲಾರರು. ಚರ್ಚಿನ ಕಾನೂನಾದ 1983ರ ಧರ್ಮಸಂಹಿತೆಯ 1141ನೇ ವಿಧಿ ಹೇಳುವುದು ಅದನ್ನೇ. ಚರ್ಚಿನ ನ್ಯಾಯಮಂಡಳಿ ನೋಡುವುದು ಬೇರೆ ಸಂಗತಿ: ಆ ಬಂಧ ಮೊದಲಿಗೆ ಏರ್ಪಟ್ಟಿತ್ತೇ? ಇಲ್ಲವೆಂದಾದರೆ ಆ ಮದುವೆ ಅಸಿಂಧು ಎಂದು ಸಾರುತ್ತದೆ.

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. ಪುಟಗಟ್ಟಲೆ ಜಗಳ, ಅತ್ತೆ ಮನೆಯ ಕಾಟ, ಗಂಡನ ಕುಡಿತ. ಮದುವೆಯ ದಿನದ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಮಂಡಳಿ ತೂಗುವುದು ಒಪ್ಪಿಗೆ ಕೊಟ್ಟ ಆ ಗಳಿಗೆಯನ್ನು. ಮದುವೆಯಾಗಿ ಐದು ವರ್ಷಕ್ಕೆ ಶುರುವಾದ ಕುಡಿತ ಅಷ್ಟರಿಂದಲೇ ಕಾರಣವಾಗದು. ಅಂದೇ ಚಟಕ್ಕೆ ಬಿದ್ದು ಸಂಸಾರದ ಹೊಣೆ ಹೊರಲಾಗದ ಸ್ಥಿತಿಯಿತ್ತು ಎಂದು ತೋರಿಸಿದರೆ 1095ನೇ ವಿಧಿ ಅನ್ವಯಿಸಬಹುದು, ಅದಕ್ಕೆ ತಜ್ಞ ವೈದ್ಯರ ವರದಿಯೂ ಬೇಕಾಗುತ್ತದೆ. ಒಪ್ಪಿಗೆ ಪಡೆಯಲೆಂದೇ ಗಂಭೀರ ಕಾಯಿಲೆಯನ್ನೋ ಬಂಜೆತನವನ್ನೋ ಮುಚ್ಚಿಟ್ಟಿದ್ದರೆ 1098. ಮನೆಯವರ ಬೆದರಿಕೆಗೆ ಮಣಿದು 'ಹೂಂ' ಅಂದಿದ್ದರೆ 1103. ಮಕ್ಕಳೇ ಬೇಡ ಎಂದೋ, ಸರಿಬರದಿದ್ದರೆ ಬಿಡುತ್ತೇನೆ ಎಂದೋ ಮೊದಲೇ ನಿಶ್ಚಯಿಸಿಕೊಂಡಿದ್ದರೆ 1101.

ಆದ್ದರಿಂದ ಈಗಿನ ನೆರೆಯವರ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ನಿಶ್ಚಿತಾರ್ಥದ ಹೊತ್ತಿನಲ್ಲಿ ಹುಡುಗಿಯ ಅಳು ಕಂಡ ಚಿಕ್ಕಮ್ಮ, ವರನ ಹಳೆಯ ಗೆಳೆಯ, ಆ ಕಾಲದ ಆಸ್ಪತ್ರೆ ಕಾಗದ ಬೇಕು. ತೋಟದಿಂದ ತೋಟಕ್ಕೆ ಕೆಲಸಕ್ಕೆ ಹೋಗುವ ಲೈನ್‌ಮನೆಯ ಕುಟುಂಬಗಳು ಸಾಕ್ಷಿಗಳ ಈಗಿನ ವಿಳಾಸವನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ದೀಕ್ಷಾಸ್ನಾನ ಕೇರಳದಲ್ಲೋ ತಮಿಳುನಾಡಿನಲ್ಲೋ ಆಗಿದ್ದರೆ ಅಲ್ಲಿಂದ ಪ್ರಮಾಣಪತ್ರದ ಹೊಸ ಪ್ರತಿ ತರಿಸಬೇಕು, ಪೆಟ್ಟಿಗೆಯಲ್ಲಿರುವ ಹಳೆಯದು ಸಾಲದು.

ಅರ್ಜಿ ಊರಿನ ಗುರುಗಳ ಮೂಲಕ ಹೋಗುವುದು ಒಳ್ಳೆಯದು. ಕೊಡಗಿನ ಲ್ಯಾಟಿನ್ ಪೂಜಾಪದ್ಧತಿಯ ಚರ್ಚುಗಳು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿವೆ. ಕೇರಳ ಮೂಲದ ಪೌರಸ್ತ್ಯ ಪದ್ಧತಿಯ ಸಿರೋ-ಮಲಬಾರ್ ಕುಟುಂಬಗಳಿಗೆ ಅವರದೇ ಧರ್ಮಾಧ್ಯಕ್ಷರು, ಪೌರಸ್ತ್ಯ ಸಭೆಗಳ 1990ರ ಸಂಹಿತೆ. ಮಂಡಳಿಯಲ್ಲಿ ಮದುವೆಯ ಪರವಾಗಿ ವಾದಿಸಲೆಂದೇ 'ಬಂಧರಕ್ಷಕ' ಎಂಬೊಬ್ಬರು ಇರುತ್ತಾರೆ. ಅನುಮಾನ ಉಳಿದರೆ ಮದುವೆಯೇ ಗೆಲ್ಲುತ್ತದೆ. ಹಿಂದೆ ಎರಡು ಮಂಡಳಿಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರ ಡಿಸೆಂಬರ್ 8ರಿಂದ ಮೇಲ್ಮನವಿ ಇಲ್ಲದಿದ್ದರೆ ಒಂದೇ ಸಾಕು. ಮದುವೆ ಅಸಿಂಧುವಾದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆ ಎಂಬ ಭಯ ಬೇಡ, 1137ನೇ ವಿಧಿ ಅವರನ್ನು ಕಾಯುತ್ತದೆ.

ಅನುಮತಿ ಪಡೆಯದೆ ಬರೀ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ ಕಥೋಲಿಕರಿಗೆ ಇಷ್ಟೆಲ್ಲ ವಿಚಾರಣೆ ಬೇಕಿಲ್ಲ. ಚರ್ಚಿನ ಲೆಕ್ಕದಲ್ಲಿ ಅದು ಮದುವೆಯಲ್ಲ. ದಾಖಲೆ ನೋಡಿ ತೀರ್ಮಾನಿಸುತ್ತಾರೆ.

ಬಂಧ ಶಾಶ್ವತ ಎಂದ ಮಾತ್ರಕ್ಕೆ ಹೊಡೆತ ತಿಂದು ಆ ಮನೆಯಲ್ಲೇ ಬಿದ್ದಿರಬೇಕೆಂದಲ್ಲ. ತನಗೋ ಮಕ್ಕಳಿಗೋ ಅಪಾಯವಿದ್ದರೆ ಬೇರೆ ಇರಲು 1153ನೇ ವಿಧಿ ದಾರಿ ಕೊಡುತ್ತದೆ. ತಡವಾದರೆ ಅಪಾಯ ಎನ್ನುವಂತಿದ್ದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಕೇಳುವುದು ಪಾಪವಲ್ಲ. ಕೋರ್ಟಿನಲ್ಲಿ ವಿಚ್ಛೇದನವಾಗಿ ಮರುಮದುವೆಯಾಗದೆ ಇರುವವರಿಗೆ ಆ ಒಂದೇ ಕಾರಣಕ್ಕೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ನಿಷಿದ್ಧವೂ ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಹೆಂಗಸರು ಭಾನುವಾರ ಹಿಂದಿನ ಬೆಂಚಿನಿಂದ ಏಳುವುದಿಲ್ಲ.

ಚರ್ಚಿನ ತೀರ್ಪು ಸರ್ಕಾರದ ಕಣ್ಣಿಗೆ ವಿಚ್ಛೇದನವಲ್ಲ. 1996ರ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ, ಚರ್ಚಿನ ತೀರ್ಪಿಗೆ ಕಾನೂನಿನ ಮಾನ್ಯತೆ ಕೇಳಿದ ಕ್ಲಾರೆನ್ಸ್ ಪಾಯಸ್ ಅರ್ಜಿಯನ್ನೂ 2017ರಲ್ಲಿ ತಳ್ಳಿಹಾಕಿದೆ. ಹಾಗಾಗಿ 1869ರ ವಿಚ್ಛೇದನ ಕಾಯ್ದೆಯಡಿ ಕೋರ್ಟಿನ ಡಿಕ್ರಿಯೂ ಕೈಯಲ್ಲಿರಬೇಕು. ಎರಡೂ ಸಿಕ್ಕ ಮೇಲೆ ಮದುವೆ ಮತ್ತು ದೀಕ್ಷಾಸ್ನಾನದ ರಿಜಿಸ್ಟರುಗಳ ಅಂಚಿನಲ್ಲಿ ತೀರ್ಪನ್ನು ನಮೂದಿಸಿದ್ದಾರೆಯೇ ಎಂದು ವಿಚಾರಿಸಿ. ಅದು ಬಿಟ್ಟುಹೋಗಿದ್ದರೆ ಮುಂದಿನ ಮದುವೆ ಗೊತ್ತಾದಾಗ ಬೇರೆ ಊರಿನ ಗುರುಗಳು ತಡೆಯುವುದು ಖಂಡಿತ.